ಎರಡು, ಮೂರು, ಐದು

ಸ್ಕ್ರೂ ಹಾಕಿ ಬಿಗಿಯಬೇಕಾದ ತಂತಿಗಳ ಮೇಲೆ ನನಗೆ ಮೊದಲಿನಿಂದಲೂ ಒಂದು ಗೌರವ. ಈಗಿನ ತಂತಿಗಳನ್ನು ತೂರಿದರೆ ಸಾಕು, ಕೂತುಬಿಡುತ್ತವೆ. ಮೇಜಿನ ಕೆಳಗೆ ಬೆಕ್ಕು ಹಾದುಹೋದರೆ ಅಷ್ಟೇ ಸಲೀಸಾಗಿ ಎದ್ದೂ ಬರುತ್ತವೆ. ಸೀರಿಯಲ್ ಪೋರ್ಟಿನ ತಂತಿ ಅಂಥದ್ದಲ್ಲ. ಕಂಪ್ಯೂಟರಿನ ಬೆನ್ನ ಹಿಂದೆ ಕೈ ತೂರಿಸಿ, ಕಣ್ಣಿಗೆ ಕಾಣದ ಜಾಗದಲ್ಲಿ ಬೆರಳಾಡಿಸಿ, ಗೋಡೆಗೆ ಮುಂಗೈ ತರಚಿಸಿಕೊಂಡು ಎರಡೂ ಸ್ಕ್ರೂ ಬಿಗಿದಿರೋ, ಆಮೇಲೆ ಅದನ್ನು ಎಡವಿದವನು ಕಂಪ್ಯೂಟರನ್ನೇ ನೆಲಕ್ಕೆ ಕೆಡವಿಯಾನು, ತಂತಿಯನ್ನು ಮಾತ್ರ ಕಳಚಲಾರ.

ನನ್ನ ಕಸುಬೇ ಈ ತಂತಿಯದು. ತೂಕದ ಯಂತ್ರಕ್ಕೂ ಕಂಪ್ಯೂಟರಿಗೂ, ಹಾಲು ಪರೀಕ್ಷಿಸುವ ಯಂತ್ರಕ್ಕೂ ಕಂಪ್ಯೂಟರಿಗೂ ನಡುವೆ ತಂತಿ ಎಳೆದು, ಅದು ಹೇಳಿದ್ದು ಇದಕ್ಕೆ ಕೇಳಿಸುವ ಹಾಗೆ ಮಾಡಿಕೊಟ್ಟು, ದುಡ್ಡು ಇಸಿದುಕೊಂಡು ಬರುವುದು. ಮದುವೆ ಮನೆಯಲ್ಲಿ ಪಕ್ಕದ ಎಲೆಯವರು "ತಾವು ಏನು ಮಾಡ್ತೀರಿ?" ಎಂದು ಕೇಳಿದರೆ "ಕಂಪ್ಯೂಟರ್ ಕೆಲಸ" ಎಂದುಬಿಡುತ್ತೇನೆ. ಪೂರ್ತಿ ಹೇಳಹೊರಟರೆ ಪಾಯಸ ಬರುವುದರೊಳಗೆ ಮುಗಿಯುವುದಿಲ್ಲ. ಪಾಪ, ಕೇಳಿದವರು ನಡುವೆ ಎಲೆ ಬಿಟ್ಟು ಏಳುವಂತೆಯೂ ಇಲ್ಲ.

ಹಳೆಯ ಕಂಪ್ಯೂಟರುಗಳ ಹಿಂದೆ ಆ ಪೋರ್ಟನ್ನು ನೀವು ನೋಡಿಯೇ ಇರುತ್ತೀರಿ. ಇಂಗ್ಲಿಷಿನ ಡಿ ಅಕ್ಷರವನ್ನು ಬೋರಲು ಮಲಗಿಸಿದ ಆಕಾರದ ತಗಡಿನ ಚೌಕಟ್ಟು, ಒಳಗೆ ಮೇಲಿನ ಸಾಲಿನಲ್ಲಿ ಐದು, ಕೆಳಗಿನ ಸಾಲಿನಲ್ಲಿ ನಾಲ್ಕು ಪಿನ್ನು. ಈ ಚೌಕಟ್ಟನ್ನು 1952ರಲ್ಲಿ ಹೊರತಂದದ್ದು ಅಮೆರಿಕದ ಕ್ಯಾನನ್ ಎಂಬ ಕಂಪನಿ; ಕ್ಯಾಮೆರಾದ ಕ್ಯಾನನ್ ಬೇರೆ, ಇದು ಬೇರೆ. ಚೌಕಟ್ಟಿನೊಳಗೆ ಯಾವ ಪಿನ್ನು ಯಾವ ಕೆಲಸ ಮಾಡಬೇಕು, ಎಷ್ಟು ವೋಲ್ಟಿನಲ್ಲಿ ಮಾತಾಡಬೇಕು ಎಂಬುದಕ್ಕೆ ಅಲ್ಲಿಯ ಎಲೆಕ್ಟ್ರಾನಿಕ್ ಉದ್ಯಮಗಳ ಸಂಘದವರು 1960ರಲ್ಲಿ ಒಂದು ನಿಯಮಾವಳಿ ಬರೆದರು. ಅದೇ ಆರ್‌ಎಸ್-232. ತಿದ್ದಿ ತೀಡಿ 1969ರಲ್ಲಿ ಹೊರಬಂದ ಅದರ 'ಸಿ' ಆವೃತ್ತಿಯೇ ಬಹುಕಾಲ ಬಾಳಿದ್ದು. ಅವರು ಅದನ್ನು ಕಾನೂನು ಎನ್ನಲಿಲ್ಲ, ಶಿಫಾರಸು ಎಂದರು. ಶಿಫಾರಸುಗಳಿಗೆ ಎಲ್ಲ ಊರಲ್ಲೂ ಆಗುವ ಗತಿ ಇದಕ್ಕೂ ಆಯಿತು: ಎಲ್ಲರೂ ಒಪ್ಪಿದರು, ಯಾರೂ ಪೂರ್ತಿ ಪಾಲಿಸಲಿಲ್ಲ.

ಬರೆದವರ ತಪ್ಪು ಅಂತಲೂ ಹೇಳಲಾಗದು. ಅವರ ಕಣ್ಣ ಮುಂದೆ ಇದ್ದದ್ದು ಎರಡೇ ವಸ್ತು. ಒಂದು ಕಡೆ ಟೆಲಿಪ್ರಿಂಟರು, ಇನ್ನೊಂದು ಕಡೆ ಟೆಲಿಫೋನ್ ತಂತಿಗೆ ಜೋಡಿಸಿದ ಮೋಡೆಮ್ಮು. ಮೊದಲನೆಯದಕ್ಕೆ ಡಿಟಿಇ ಎಂದೂ ಎರಡನೆಯದಕ್ಕೆ ಡಿಸಿಇ ಎಂದೂ ಹೆಸರಿಟ್ಟು, ಜಗತ್ತಿನಲ್ಲಿ ಇರುವುದು ಇವೆರಡೇ ಜಾತಿ ಎಂದು ನಂಬಿ ಪಿನ್ನುಗಳನ್ನು ಹಂಚಿದರು. ಮುಂದೊಂದು ದಿನ ಇದಕ್ಕೆ ಭತ್ತದ ಲಾರಿ ತೂಗುವ ಯಂತ್ರವನ್ನೂ ಎಮ್ಮೆ ಹಾಲಿನ ಕೊಬ್ಬು ಹೇಳುವ ಯಂತ್ರವನ್ನೂ ತಂದು ಸಿಕ್ಕಿಸುತ್ತಾರೆ ಎಂದು ಅವರಿಗೇನು ಕನಸು ಬಿದ್ದಿತ್ತೆ? ತೂಕದ ಯಂತ್ರ ಟೆಲಿಪ್ರಿಂಟರೂ ಅಲ್ಲ, ಮೋಡೆಮ್ಮೂ ಅಲ್ಲ. ಅದು ಯಾವ ಜಾತಿ ಎಂಬುದನ್ನು ಅದನ್ನು ತಯಾರಿಸಿದವನು ತನಗೆ ತೋಚಿದ ಹಾಗೆ ತೀರ್ಮಾನಿಸಿದ, ಆ ತೀರ್ಮಾನವನ್ನು ಪುಸ್ತಕದ ಕೊನೆಯ ಪುಟದಲ್ಲಿ ಅಚ್ಚು ಹಾಕಿಸಿದ. ಆ ಪುಟ ಹರಿದುಹೋಗಿರುತ್ತದೆ.

ಸಾಮಾನು ಬೇಕೆಂದರೆ ಬೆಂಗಳೂರಿನ ಎಸ್.ಪಿ. ರಸ್ತೆಗೇ ಹೋಗಬೇಕು. ಈಗ ಕುಳಿತಲ್ಲಿಗೇ ತರಿಸಿಕೊಳ್ಳಬಹುದು ಎನ್ನುತ್ತಾರೆ. ತರಿಸಿಕೊಳ್ಳಬಹುದು, ಆದರೆ ಎಸ್.ಪಿ. ರಸ್ತೆಯ ಅಂಗಡಿಕಾರ ಪೊಟ್ಟಣ ಕಟ್ಟುವ ಮುನ್ನ ಕನೆಕ್ಟರಿನ ಪಿನ್ನನ್ನು ಉಗುರಿನಿಂದ ಅಲುಗಿಸಿ "ಇದು ಬೇಡ ಸಾರ್, ಇನ್ನೊಂದು ಕೊಡ್ತೀನಿ" ಎನ್ನುವ ಸುಖ ಅಲ್ಲೆಲ್ಲಿ? ಎರಡು ಆಳು ಅಗಲದ ಮಳಿಗೆ, ಸೂರಿನವರೆಗೆ ಪ್ಲಾಸ್ಟಿಕ್ ಡಬ್ಬಿಗಳು, ಡಬ್ಬಿಯ ಮುಖಕ್ಕೆ ಒಳಗಿರುವುದರ ಒಂದೊಂದು ನಮೂನೆ ಅಂಟಿಸಿದೆ. ಕೇಳಬೇಕಾದದ್ದು "ಡಿಬಿ ನೈನ್". ಶಾಸ್ತ್ರದ ಪ್ರಕಾರ ಅದು ಡಿಇ-9. ಎರಡನೆಯ ಅಕ್ಷರ ಚೌಕಟ್ಟಿನ ಅಳತೆಯದು, ಬಿ ಎಂಬುದು ಇಪ್ಪತ್ತೈದು ಪಿನ್ನಿನ ದೊಡ್ಡಣ್ಣನಿಗೆ ಸಲ್ಲಬೇಕಾದದ್ದು. ಈ ಪಾಂಡಿತ್ಯವನ್ನು ಕೌಂಟರಿನಲ್ಲಿ ಪ್ರದರ್ಶಿಸಿದವನಿಗೆ ಆವತ್ತು ಸಾಮಾನು ಸಿಕ್ಕುವುದಿಲ್ಲ.

ಹುಡುಗ ತಲೆಯೆತ್ತದೆ ಕೇಳುತ್ತಾನೆ, "ಮೇಲಾ, ಫೀಮೇಲಾ?" ಕಂಪ್ಯೂಟರಿನ ಕಡೆ ಪಿನ್ನುಗಳು ಹೊರಚಾಚಿರುವುದರಿಂದ ಅದು ಗಂಡು, ತಂತಿಯ ತುದಿಗೆ ಹೆಣ್ಣು ಬೇಕು. ಹೊಸಬರು ಇಲ್ಲಿ ಸ್ವಲ್ಪ ತಡವರಿಸುತ್ತಾರೆ. ಅದರಲ್ಲೂ ಮನೆಯವರನ್ನು ಜೊತೆಗೆ ಕರೆದುಕೊಂಡು ಚಿಕ್ಕಪೇಟೆಗೆ ಸೀರೆಗೆಂದು ಹೊರಟು, ದಾರಿಯಲ್ಲಿ "ಎರಡೇ ನಿಮಿಷ" ಎಂದು ಈ ಕಡೆ ತಿರುಗಿದವರು, "ನಾಲ್ಕು ಫೀಮೇಲ್, ಎರಡು ಮೇಲ್, ಸ್ಕ್ರೂ ಸಮೇತ" ಎನ್ನುವಾಗ ದನಿ ತಗ್ಗಿಸುತ್ತಾರೆ. ಅಂಗಡಿಯವನಿಗೆ ಇದೆಲ್ಲ ಕಿಲೋ ಲೆಕ್ಕ. ಜೊತೆಗೆ ಕನೆಕ್ಟರಿನ ಬೆನ್ನಿಗೆ ಮುಚ್ಚುವ ಹುಡ್ಡು, ಮೂರು ಎಳೆಯ ಶೀಲ್ಡೆಡ್ ತಂತಿ, ಕರಿ ಸ್ಲೀವು, ಬೆಸುಗೆಗೆ ಅರವತ್ತು-ನಲವತ್ತರ ಲೆಡ್ಡು.

ಈ ಪುಟ್ಟ ಕನೆಕ್ಟರಿಗೆ ತಂತಿ ಬೆಸೆಯುವುದು ನೋಡಲು ಸುಲಭ. ಪ್ರತಿ ಪಿನ್ನಿನ ಹಿಂದೆ ಉದ್ದುದ್ದ ಸೀಳಿದ ಸಣ್ಣ ನಳಿಗೆ ಇದೆ. ಮೊದಲು ನಳಿಗೆಯೊಳಗೆ ಲೆಡ್ ತುಂಬಿಸಿಕೊಳ್ಳಬೇಕು. ತಂತಿಯ ತುದಿಯನ್ನೂ ಲೆಡ್ಡಿನಲ್ಲಿ ಅದ್ದಿ ಗಟ್ಟಿ ಮಾಡಿಕೊಳ್ಳಬೇಕು. ಆಮೇಲೆ ನಳಿಗೆಯನ್ನು ಮತ್ತೆ ಕಾಯಿಸಿ, ಲೆಡ್ಡು ಕರಗಿ ಮಿನುಗಿದ ಕ್ಷಣಕ್ಕೆ ತಂತಿಯನ್ನು ಇಳಿಸಿ, ಐರನ್ ತೆಗೆದು, ಮಿನುಗು ಮಂಕಾಗುವವರೆಗೆ ಕೈ ಅಲುಗಿಸದೆ ಹಿಡಿಯಬೇಕು. ಕೆಮ್ಮು ಬರುವುದು ಆಗಲೇ. ಎರಡು ನಳಿಗೆಗಳ ನಡುವಿನ ಅಂತರ ಮೂರು ಮಿಲಿಮೀಟರಿಗೂ ಕಡಿಮೆ. ಜಾಸ್ತಿ ಹೊತ್ತು ಕಾಯಿಸಿದರೆ ಪಿನ್ನು ಕೂತಿರುವ ಪ್ಲಾಸ್ಟಿಕ್ಕೇ ಮೆತ್ತಗಾಗಿ ಪಿನ್ನು ಓರೆಯಾಗುತ್ತದೆ. ಇನ್ನು ಸ್ಲೀವು: ಅದನ್ನು ಬೆಸುಗೆಗೆ ಮುಂಚೆಯೇ ತಂತಿಗೆ ಪೋಣಿಸಿರಬೇಕು. ಅಚ್ಚುಕಟ್ಟಾಗಿ ಬೆಸೆದು, ಊದಿ, ಬೆಳಕಿಗೆ ಹಿಡಿದು ಮೆಚ್ಚಿ, ಮೇಜಿನ ಮೇಲೆ ನೋಡಿದರೆ ಮೂರೂ ಸ್ಲೀವು ಅಲ್ಲೇ ಕೂತು ನೋಡುತ್ತಿರುತ್ತವೆ. ಈ ಕಸುಬಿನಲ್ಲಿ ಬೈಗುಳ ಕಲಿಯುವುದು ಸಾಮಾನ್ಯವಾಗಿ ಆ ಹೊತ್ತಿಗೆ.

ಅದಕ್ಕಿಂತ ದೊಡ್ಡ ಕೀಟಲೆ ಪಿನ್ನಿನ ನಂಬರಿನದು. ಪ್ರತಿ ಪಿನ್ನಿನ ಪಕ್ಕದಲ್ಲಿ ಪ್ಲಾಸ್ಟಿಕ್ಕಿನಲ್ಲೇ ಅದರ ಸಂಖ್ಯೆ ಮೂಡಿಸಿರುತ್ತಾರೆ, ಕರಿಯ ಮೇಲೆ ಕರಿ. ನಲವತ್ತು ದಾಟಿದವರಿಗೆ ಅದು ಕಾಣುವುದಿಲ್ಲ. ಟಾರ್ಚನ್ನು ಅಡ್ಡ ಹಿಡಿದು ನೆರಳು ಬೀಳಿಸಿದರೆ ಉಂಟು. ಓದದೆ ಅಂದಾಜಿನ ಮೇಲೆ ಹೋಗೋಣವೆಂದರೆ ಗಂಡಿನ ಮುಖದಲ್ಲಿ 1 ಎಡಕ್ಕೆ, ಹೆಣ್ಣಿನ ಮುಖದಲ್ಲಿ ಬಲಕ್ಕೆ, ಬೆನ್ನು ತಿರುಗಿಸಿದರೆ ಎರಡೂ ಅದಲುಬದಲು. ಹೀಗೆ ಕನ್ನಡಿಯಾದಾಗ 2 ಇದ್ದಲ್ಲಿ 4 ಬರುತ್ತದೆ, 5 ಇದ್ದಲ್ಲಿ 1. ನಡುವಿನ 3 ಮಾತ್ರ ಯಾವ ಕಡೆಯಿಂದ ನೋಡಿದರೂ ಇದ್ದಲ್ಲೇ ಇರುತ್ತದೆ. ಅದರಿಂದಲೇ ಗೊಂದಲ ಹೆಚ್ಚು: ಒಂದು ತಂತಿ ಸರಿ ಇದೆ ಎಂದು ಮೀಟರು ಹೇಳಿದ ಮೇಲೆ ಉಳಿದವೂ ಸರಿ ಇರಲೇಬೇಕು ಎಂಬ ಹಟ ಹುಟ್ಟುತ್ತದೆ.

ಒಂಬತ್ತರಲ್ಲಿ ನಮಗೆ ಬೇಕಾದದ್ದು ಮೂರು. 2 ಕೇಳುವುದು, 3 ಹೇಳುವುದು, 5 ಇಬ್ಬರಿಗೂ ಸಮನಾದ ಗ್ರೌಂಡು. ಮಾತಾಡುವ ಇಬ್ಬರಲ್ಲಿ ಒಬ್ಬನ ಬಾಯಿ ಇನ್ನೊಬ್ಬನ ಕಿವಿಯ ಕಡೆ ಇರಬೇಕಷ್ಟೆ; ಆದ್ದರಿಂದ ಒಂದು ತುದಿಯ 3 ಇನ್ನೊಂದು ತುದಿಯ 2ಕ್ಕೆ ಹೋಗಬೇಕು, 2 ಬಂದು 3ಕ್ಕೆ ಸೇರಬೇಕು. ಇದು ಕ್ರಾಸ್ ತಂತಿ. ಆದರೆ ಎದುರಿನ ಯಂತ್ರವನ್ನು ಮಾಡಿದವನು ತಾನು ಮೋಡೆಮ್ಮಿನ ಜಾತಿ ಎಂದು ಭಾವಿಸಿದ್ದರೆ ಅವನ 2 ಆಗಲೇ ಬಾಯಿ, 3 ಕಿವಿ. ಅಲ್ಲಿ ನೇರ ತಂತಿಯೇ ಬೇಕು. ಇಷ್ಟೂ ಸಾಲದೆಂದು 25 ಪಿನ್ನಿನ ಹಳೆಯ ಪೋರ್ಟಿನಲ್ಲಿ 2 ಹೇಳುವುದು, 3 ಕೇಳುವುದು ಆಗಿತ್ತು. 1984ರಲ್ಲಿ ಐಬಿಎಂನವರು ಎಟಿ ಕಂಪ್ಯೂಟರಿಗೆ ಒಂಬತ್ತು ಪಿನ್ನಿನದು ಕೊಟ್ಟಾಗ ಅವೆರಡನ್ನೂ ತಿರುವಿ ಹಾಕಿದರು. ಏಕೆ ಎಂದು ನಾನು ಬೈಯುವುದಿಲ್ಲ. ನನ್ನಂಥ ಎಷ್ಟೋ ಜನರ ಮನೆಯ ಒಲೆ ಉರಿದದ್ದು ಆ ಅದಲುಬದಲಿನಿಂದ.

ಐದನೆಯದರ ವಿಷಯದಲ್ಲಿ ಜನಕ್ಕೆ ಅಸಡ್ಡೆ. ಹೇಳಲು ಒಂದು, ಕೇಳಲು ಒಂದು, ಮೂರನೆಯದೇಕೆ ಎಂದು ಬಿಟ್ಟುಬಿಡುತ್ತಾರೆ. ಸೋಜಿಗವೆಂದರೆ ಒಮ್ಮೊಮ್ಮೆ ಹಾಗೂ ನಡೆಯುತ್ತದೆ. ಎರಡೂ ಯಂತ್ರಗಳು ಒಂದೇ ಗೋಡೆಯ ಅರ್ತಿಂಗಿಗೆ ಸೇರಿರುತ್ತವಲ್ಲ, ಆ ಕಳ್ಳದಾರಿಯಲ್ಲಿ ಕೆಲಸ ಸಾಗುತ್ತದೆ. ತಿಂಗಳು ಕಳೆದು ಯಾರೋ ಮಿಕ್ಸಿಗೆಂದು ಆ ಸಾಕೆಟ್ಟು ಬಿಚ್ಚಿ ಅರ್ತಿಂಗ್ ತಂತಿಯನ್ನು ಹೊರಗೇ ಬಿಟ್ಟು ಮುಚ್ಚುತ್ತಾರೆ. ಮಿಕ್ಸಿ ತಿರುಗುತ್ತದೆ, ತೂಕ ನಿಲ್ಲುತ್ತದೆ. ಮಿಕ್ಸಿಗೂ ತೂಕಕ್ಕೂ ಏನು ಸಂಬಂಧ ಎಂದು ನಾನು ವಿವರಿಸಹೊರಟಾಗ ಮನೆಯ ಹೆಂಗಸರು ನನ್ನನ್ನು ನೋಡುವ ನೋಟ ಇದೆಯಲ್ಲ, ಅದಕ್ಕಿಂತ ಸುಮ್ಮನೆ ಹೊಸ ತಂತಿ ಎಳೆದು ಬರುವುದು ಕ್ಷೇಮ.

ಗಂಗಾವತಿಯ ಕಡೆ ಅಕ್ಕಿ ಗಿರಣಿಗಳು ಬಹಳ. ಗಿರಣಿ ಇದ್ದಲ್ಲಿ ವೇಬ್ರಿಡ್ಜು. ಆ ಸೀಮೆಯವರು ಕಾಟಾ ಎನ್ನುತ್ತಾರೆ. ರಸ್ತೆಯ ಪಕ್ಕ ಉದ್ದನೆಯ ಉಕ್ಕಿನ ಹಾಸು, ಅದರ ಕೆಳಗೆ ಭಾರಕ್ಕೆ ಕೂದಲೆಳೆಯಷ್ಟು ಬಾಗುವ ಲೋಡ್ ಸೆಲ್ಲುಗಳು, ಪಕ್ಕದಲ್ಲಿ ಒಂದು ಕೋಣೆ. ಕೋಣೆಯೊಳಗೆ ಕೆಂಪು ಅಂಕಿ ಉರಿಯುವ ಇಂಡಿಕೇಟರು, ಅದರ ಪಕ್ಕ ಕಂಪ್ಯೂಟರು, ಚೀಟಿ ಹೊಡೆಯುವ ಪ್ರಿಂಟರು, ಲಕ್ಷ್ಮಿಯ ಫೋಟೊ, ಅದಕ್ಕೊಂದು ಮಿಣಿಮಿಣಿ ದೀಪ. ಇಂಡಿಕೇಟರಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯವರ ಸೀಲು ಬಿದ್ದಿರುತ್ತದೆ. ಸೀಲಿನ ಒಳಗಿನದು ಲೈಸೆನ್ಸ್ ಇದ್ದ ರಿಪೇರಿಯವರ ಪಾಲು. ಬೆನ್ನಿನ ಮೇಲಿನ ಪೋರ್ಟಷ್ಟೇ ನನ್ನ ರಾಜ್ಯ.

ನಾನು ಹೋದಾಗ ಸುಗ್ಗಿ. ಭತ್ತದ ಟ್ರ್ಯಾಕ್ಟರುಗಳು ಗೇಟಿನಿಂದ ರಸ್ತೆಯವರೆಗೆ ನಿಂತಿವೆ. ಮಾಲೀಕರು ಬಾಗಿಲಲ್ಲೇ ಹಿಡಿದರು. "ಡಬ್ಬ್ಯಾಗ ಅಂಕಿ ಕಾಣ್ತೈತ್ರಿ, ಕಂಪ್ಯೂಟರಿನ್ಯಾಗ ಬರೇ ಸೊನ್ನಿ. ನಡೂಕ ಏನಾಗೈತಿ ನೀವ ನೋಡ್ರಿ."

ನಡುವೆ ಏನಾಗಿದೆ ಎಂದು ನೋಡಲು ಬೇಕಾದದ್ದು ಒಂದು ಮಲ್ಟಿಮೀಟರು. ತಂತಿ ಬಿಚ್ಚಿ, ಕಪ್ಪು ಕಡ್ಡಿಯನ್ನು 5ಕ್ಕೆ ಇಟ್ಟು, ಕೆಂಪು ಕಡ್ಡಿಯನ್ನು ಮೊದಲು 2ಕ್ಕೆ, ಆಮೇಲೆ 3ಕ್ಕೆ ಮುಟ್ಟಿಸಿದರೆ ಯಂತ್ರದ ಬಾಯಿ ಎಲ್ಲಿದೆ ಎಂದು ಗೊತ್ತಾಗುತ್ತದೆ. ಕೇಳುವ ಪಿನ್ನು ಸೊನ್ನೆಯ ಹತ್ತಿರ ತಣ್ಣಗಿರುತ್ತದೆ. ಹೇಳುವ ಪಿನ್ನಿನಲ್ಲಿ ವೋಲ್ಟೇಜು ಇರುತ್ತದೆ, ಅದೂ ಮೈನಸ್. ಆರ್‌ಎಸ್-232ರ ಪದ್ಧತಿಯೇ ಹಾಗೆ: ಮೈನಸ್ 3ರಿಂದ ಮೈನಸ್ 15ರವರೆಗೆ ಇದ್ದರೆ ಒಂದು, ಪ್ಲಸ್ 3ರಿಂದ 15ರವರೆಗೆ ಇದ್ದರೆ ಸೊನ್ನೆ, ನಡುವೆ ಇದ್ದರೆ ಲೆಕ್ಕಕ್ಕಿಲ್ಲ. ಮಾತಿಲ್ಲದಾಗ ಪಿನ್ನು ಮೈನಸ್ಸಿನಲ್ಲಿ ನಿಶ್ಚಲವಾಗಿ ನಿಂತಿರುತ್ತದೆ. ಮಾತು ಹೊರಟಿತೋ, ಮೀಟರಿನ ಅಂಕಿ ನಡುಗುತ್ತದೆ. ಅಂದು 3ರಲ್ಲಿ ಮೈನಸ್ ಏಳು, ಐದು, ಎಂಟು ಎಂದು ಅಂಕಿ ಓಲಾಡುತ್ತಿತ್ತು. ಯಂತ್ರ ಪಾಪ ತೂಕವನ್ನು ಒದರುತ್ತಲೇ ಇತ್ತು.

ಮಾಲೀಕರು ನನ್ನ ಹೆಗಲ ಮೇಲಿಂದ ಮೀಟರು ನೋಡಿ ಬೆಚ್ಚಿದರು. "ಮೈನಸ್ ಬಂತಲ್ರಿ! ಲಾಸ್ ಏನ್ರಿ?"

"ಇಲ್ಲ ಯಜಮಾನ್ರೆ, ಇದು ಸುಮ್ಮನೆ ಕೂತಾಗ ಮೈನಸ್ಸಿನಲ್ಲೇ ಇರೋದು."

"ಸುಮ್ನ ಕುಂತ್ರ ಮೈನಸ್ಸು ನಮ್ಮ ಮಿಲ್ಲೂ ಹಂಗ ಐತಿ ಬಿಡ್ರಿ. ಅದಕ್ಕ ಮೀಟರ್ ಯಾಕ ಬೇಕು?"

ತಂತಿಯಲ್ಲಿ ದೋಷವಿತ್ತು, ಹುಡ್ಡಿನೊಳಗೆ ಇಲಿ ಕಡಿದಿತ್ತು, ಸರಿಮಾಡಿದ್ದಾಯಿತು. ಅದರಲ್ಲಿ ಹೇಳುವಂಥದ್ದೇನಿಲ್ಲ.

ತಂತಿ ಸರಿಯಾದ ಮೇಲೆ ವೇಗದ ಪ್ರಶ್ನೆ. ಇದು ಎರಡೂ ಯಂತ್ರಗಳಿಗೆ ಮೊದಲೇ ಗೊತ್ತಿರಬೇಕಾದ ಗುಟ್ಟು. ತಂತಿಯಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲ. ಸೆಕೆಂಡಿಗೆ 9600 ಬಿಟ್ ಎಂದು ಇಲ್ಲಿ ಇಟ್ಟರೆ ಅಲ್ಲೂ 9600 ಇರಬೇಕು. ಬಾಡ್ ರೇಟು ಎನ್ನುವುದು ಇದಕ್ಕೇ, ಎಮಿಲ್ ಬೋಡೊ ಎಂಬ ಫ್ರಾನ್ಸಿನ ಟೆಲಿಗ್ರಾಫ್ ಎಂಜಿನಿಯರನ ಹೆಸರಿನಿಂದ ಬಂದದ್ದು. ಒಂದು ಅಕ್ಷರಕ್ಕೆ ಮುಂದೊಂದು ಆರಂಭದ ಬಿಟ್ಟು, ಎಂಟು ಅಕ್ಷರದ ಬಿಟ್ಟು, ಹಿಂದೊಂದು ಮುಕ್ತಾಯದ ಬಿಟ್ಟು, ಒಟ್ಟು ಹತ್ತು; ಹಾಗಾಗಿ ಸೆಕೆಂಡಿಗೆ 960 ಅಕ್ಷರ. ಒಂದು ಟ್ರ್ಯಾಕ್ಟರಿನ ತೂಕ ಹೇಳಲು ಇದು ಬೇಕಾದಷ್ಟಾಯಿತು. ಟ್ರ್ಯಾಕ್ಟರು ಕಾಟಾದ ಮೇಲೆ ಹತ್ತಿ, ಡ್ರೈವರು ಇಳಿದು, ಇಳಿದವನು ದೂರ ನಿಂತ ಎಂದು ಖಾತ್ರಿಯಾಗುವುದರೊಳಗೆ ಒಂದು ಸಣ್ಣ ಕಾದಂಬರಿಯನ್ನೇ ದಾಟಿಸಬಹುದು.

ವೇಗ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಹಾಲಿನ ಡೈರಿಯೊಂದರ ಕಾರ್ಯದರ್ಶಿ ಅಕ್ಕನವರು ಫೋನಿನಲ್ಲೇ ಹೇಳಿದ್ದರು. "ಸಾರ್, ಚೈನೀಸ್ ಬರ್ತಾ ಇದೆ." ನನಗೆ ಖುಷಿಯಾಯಿತು. ಏನೂ ಬರುತ್ತಿಲ್ಲ ಎಂದಿದ್ದರೆ ಬಸ್ಸು ಹತ್ತಬೇಕಿತ್ತು. ಕಸ ಬರುತ್ತಿದೆ ಎಂದರೆ ತಂತಿ ಸರಿಯಿದೆ, ಬಾಯಿ ಕಿವಿ ಎಲ್ಲ ಸರಿಯಿದೆ, ಲೆಕ್ಕ ಮಾತ್ರ ತಪ್ಪಿದೆ. ಅವರಿಗೆ ಹೊರಗೆ ಕ್ಯಾನು ಹಿಡಿದು ನಿಂತವರ ಸಾಲು, ನನಗೆ ಇಲ್ಲಿ ಚಹ. "2400 ಮಾಡಿ ನೋಡಿ ಅಕ್ಕಾ." "ಆಯ್ತು, ಚೈನೀಸ್ ಹೋಯ್ತು, ಈಗ ಅರ್ಧ ಕನ್ನಡ ಅರ್ಧ ಚೈನೀಸ್." ಕನ್ನಡ ಎಂದರೆ ಅಂಕಿ. "ಯಾವ ಅಂಕಿ ಸರಿ ಬರ್ತಿದೆ ಹೇಳಿ." ಅವರು ಓದಿದರು: ಸೊನ್ನೆ, ಮೂರು, ಐದು, ಆರು, ಒಂಬತ್ತು ಸರಿ, ಒಂದು, ಎರಡು, ನಾಲ್ಕು, ಏಳು, ಎಂಟು ಕೆಟ್ಟಿವೆ.

ಇದಕ್ಕಿಂತ ಒಳ್ಳೆಯ ಸುಳಿವು ಯಾವ ಪತ್ತೇದಾರನಿಗೂ ಸಿಕ್ಕಲಾರದು. ಎದುರಿನ ಯಂತ್ರ ಏಳೇ ಬಿಟ್ಟಿನಲ್ಲಿ ಅಕ್ಷರ ಕಳಿಸಿ ಎಂಟನೆಯ ಜಾಗದಲ್ಲಿ ಪ್ಯಾರಿಟಿ ಇಡುತ್ತಿದೆ, ಒಟ್ಟು ಒಂದುಗಳ ಸಂಖ್ಯೆ ಸಮ ಆಗಲೆಂದು. ಮೂರರ ಸಂಕೇತದಲ್ಲಿ ನಾಲ್ಕು ಒಂದುಗಳಿವೆ, ಆಗಲೇ ಸಮ. ಅದಕ್ಕೆ ಏನೂ ಸೇರುವುದಿಲ್ಲ, ನೆಟ್ಟಗೆ ಬರುತ್ತದೆ. ಎರಡರಲ್ಲಿ ಮೂರಿವೆ, ಸಮ ಮಾಡಲು ಇನ್ನೊಂದು ಸೇರುತ್ತದೆ, ಎಂಟನ್ನೂ ಅಕ್ಷರವೆಂದು ಓದುವ ಕಂಪ್ಯೂಟರಿಗೆ ಅದು ಬೇರೇನೋ ಆಗಿ ಕಾಣುತ್ತದೆ. "ಅಕ್ಕಾ, ಎಂಟು ಅಂತಿರೋ ಕಡೆ ಏಳು ಮಾಡಿ, ಪ್ಯಾರಿಟಿ ಈವನ್ ಮಾಡಿ." ಹಾಲು ಅಳೆಯಲು ಶುರುವಾಯಿತು. ನನ್ನ ಫೀಸು ಕೇಳಿದಾಗ ಅವರು ನ್ಯಾಯವಾಗಿಯೇ ಹೇಳಿದರು: "ನೀವೇನ್ ಬಂದ್ರಾ? ಎಲ್ಲಾ ಒತ್ತಿದ್ದು ನಾನೇ ಅಲ್ವಾ?"

ಅಂಕಿಗಳ ವಿಷಯದಲ್ಲಿ ಇನ್ನೊಂದು ಜಾತಿಯ ಇಂಡಿಕೇಟರಿದೆ, ನನಗೆ ನಿಜವಾಗಿ ಭಯವಿರುವುದು ಅದರದ್ದು. ಅದು ತೂಕವನ್ನು ಬಾಲದಿಂದ ತಲೆಗೆ ಕಳಿಸುತ್ತದೆ, ಬಿಡಿ ಸ್ಥಾನ ಮೊದಲು. ಕಂಪ್ಯೂಟರಿನ ಪ್ರೋಗ್ರಾಮು ಅದನ್ನು ತಿರುಗಿಸಿ ಓದಬೇಕು. ತಿರುಗಿಸದಿದ್ದರೆ ಕಸ ಬರುವುದಿಲ್ಲ, ತಪ್ಪು ತೂಕ ಬರುತ್ತದೆ. 08250 ಕಿಲೋದ ಟ್ರ್ಯಾಕ್ಟರು 05280 ಆಗುತ್ತದೆ. ಎರಡೂ ನಂಬಬಹುದಾದ ತೂಕವೇ. ಮೂರು ಟನ್ನಿಗೆ ಮೂವತ್ತು ಕಿಲೋ ಕಮ್ಮಿ ಭತ್ತ ಗಾಳಿಗೆ ಹೋಗಿರುತ್ತದೆ, ಚೀಟಿ ಅಂದವಾಗಿ ಅಚ್ಚಾಗಿರುತ್ತದೆ. ಚೈನೀಸ್ ಬಂದಾಗ ಎಲ್ಲರೂ ಕೂಗುತ್ತಾರೆ, ಇದು ಬಂದಾಗ ಯಾರೂ ಕೂಗುವುದಿಲ್ಲ. ಹೊಸ ಜೋಡಣೆ ಮುಗಿಸಿದ ಮೇಲೆ ಕಾಟಾದ ಮೇಲೆ ನಿಂತ ಗಾಡಿಯ ಅಂಕಿಯನ್ನು ಇಂಡಿಕೇಟರಿನಲ್ಲೊಮ್ಮೆ ಕಂಪ್ಯೂಟರಿನಲ್ಲೊಮ್ಮೆ ಗಟ್ಟಿಯಾಗಿ ಓದಿಸದೆ ನಾನು ಚಪ್ಪಲಿ ಮೆಟ್ಟುವುದಿಲ್ಲ. (ಅಂದಹಾಗೆ, ಐಬಿಎಂನ ಮೊದಲ ಪಿಸಿಯಲ್ಲಿ ಸೀರಿಯಲ್ ಪೋರ್ಟಿನ ಕೆಲಸ ನೋಡಿಕೊಳ್ಳುತ್ತಿದ್ದ ಚಿಪ್ಪಿನ ನಂಬರೂ 8250ಯೇ. ತಿರುಗಿಸಿ ಓದಿದರೆ ಅಂಥ ಚಿಪ್ಪು ಸಿಕ್ಕುವುದಿಲ್ಲ.)

ಉಳಿದ ಆರು ಪಿನ್ನುಗಳು ಟೆಲಿಪ್ರಿಂಟರು ಮತ್ತು ಮೋಡೆಮ್ಮು ಪರಸ್ಪರ ಮರ್ಯಾದೆ ತೋರಿಸಲು ಇಟ್ಟವು. 7 "ಕಳಿಸಲೇ?" ಎಂದು ಕೇಳುತ್ತದೆ, 8ರಲ್ಲಿ "ಕಳಿಸು" ಎಂದು ಉತ್ತರ ಬರಬೇಕು. 4 "ನಾನು ಸಿದ್ಧ" ಎನ್ನುತ್ತದೆ, 6ರಲ್ಲಿ "ನಾನೂ ಸಿದ್ಧ" ಬರಬೇಕು. ತೂಕದ ಯಂತ್ರಕ್ಕೆ ಈ ನಾಜೂಕು ಗೊತ್ತಿಲ್ಲ, ಅಲ್ಲಿಂದ ಬರುವುದು ಮೂರೇ ತಂತಿ. ಆದರೆ ಕೆಲವು ಪ್ರೋಗ್ರಾಮುಗಳು ಒಪ್ಪಿಗೆ ಬಾರದೆ ತುಟಿ ಬಿಚ್ಚುವುದಿಲ್ಲ. ಅದಕ್ಕೆ ಕಸುಬಿನವರ ಉಪಾಯ: ಕಂಪ್ಯೂಟರಿನ ತುದಿಯ ಹುಡ್ಡಿನೊಳಗೇ 7ಕ್ಕೂ 8ಕ್ಕೂ ಒಂದು ತುಂಡು ತಂತಿ, 1, 4, 6 ಮೂರಕ್ಕೂ ಸೇರಿಸಿ ಇನ್ನೊಂದು. ಈಗ ಕಂಪ್ಯೂಟರು ತಾನೇ ಕೇಳುತ್ತದೆ, ತಾನೇ ಒಪ್ಪಿಗೆ ಕೊಟ್ಟುಕೊಳ್ಳುತ್ತದೆ, ತೃಪ್ತಿಯಾಗಿ ಕೆಲಸಕ್ಕೆ ತೊಡಗುತ್ತದೆ. ಹುಡ್ಡು ಮುಚ್ಚಿ ಸ್ಕ್ರೂ ಹಾಕಿದ ಮೇಲೆ ಒಳಗಿನ ವ್ಯವಹಾರ ಯಾರಿಗೂ ಕಾಣದು.

ಪೋರ್ಟೇ ಸತ್ತಿದೆಯೋ ಬದುಕಿದೆಯೋ ಎಂಬ ಅನುಮಾನ ಬಂದರೆ 2ಕ್ಕೂ 3ಕ್ಕೂ ಒಂದು ಪೇಪರ್ ಕ್ಲಿಪ್ಪು. ಈಗ ಕೀಲಿಮಣೆಯಲ್ಲಿ ಒತ್ತಿದ ಅಕ್ಷರ ಹೊರಗೆ ಹೋಗಿ ಅಲ್ಲೇ ತಿರುಗಿ ಒಳಗೆ ಬಂದು ಪರದೆಯ ಮೇಲೆ ಮೂಡಬೇಕು. ಹಳೆಯ ವಿಂಡೋಸ್‌ನಲ್ಲಿ ಇದಕ್ಕೆ ಹೈಪರ್‌ಟರ್ಮಿನಲ್ ಇತ್ತು, ವಿಸ್ತಾ ಬಂದಾಗ ತೆಗೆದುಹಾಕಿದರು. ಅದೊಂದು ದ್ರೋಹವೆಂದೇ ನನ್ನ ಅಭಿಪ್ರಾಯ. ಕ್ಲಿಪ್ಪು ಇಟ್ಟಾಗ ಅಕ್ಷರ ಬರಬೇಕು, ತೆಗೆದಾಗ ನಿಲ್ಲಬೇಕು. ತೆಗೆದರೂ ಬರುತ್ತಿದ್ದರೆ ಆ ಪ್ರೋಗ್ರಾಮು ತನ್ನಷ್ಟಕ್ಕೆ ತಾನೇ ತೋರಿಸಿಕೊಳ್ಳುತ್ತಿದೆ ಎಂದರ್ಥ.

ಪೋರ್ಟು ಸಾಯುವ ಕಾಲ ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿನ ವಾರಗಳು. ಸಿಡಿಲು ಎಲ್ಲೋ ಬಿದ್ದಿರುತ್ತದೆ, ಬಯಲಲ್ಲಿ ಹಾಸಿದ ಅಷ್ಟುದ್ದ ಉಕ್ಕು ಮತ್ತು ತಂತಿ ಅದರ ಪಾಲನ್ನು ತಂದು ಕೋಣೆಗೆ ಒಪ್ಪಿಸುತ್ತವೆ. ಬಹಳ ಸಲ ಹೋಗುವುದು ಮ್ಯಾಕ್ಸ್232 ಎಂಬ ಹದಿನಾರು ಕಾಲಿನ ಚಿಪ್ಪು. 1987ರ ಸುಮಾರಿಗೆ ಮ್ಯಾಕ್ಸಿಮ್ ಕಂಪನಿ ತಂದದ್ದು. ಯಂತ್ರದೊಳಗಿನ ಐದೇ ವೋಲ್ಟನ್ನು ನಾಲ್ಕೈದು ಪುಟ್ಟ ಕೆಪಾಸಿಟರುಗಳ ನೆರವಿನಿಂದ ಪ್ಲಸ್ಸಿಗೂ ಮೈನಸ್ಸಿಗೂ ಎತ್ತಿ ಇಳಿಸಿ, ಆರ್‌ಎಸ್-232ಗೆ ಬೇಕಾದ ವೋಲ್ಟೇಜು ಒದಗಿಸುವ ಬುದ್ಧಿವಂತ ಚಿಪ್ಪು. ದುಬಾರಿ ಪ್ರೊಸೆಸರನ್ನು ಉಳಿಸಿ ತಾನು ಸುಟ್ಟುಕೊಳ್ಳುತ್ತದೆ. ಅದನ್ನು ನೇರ ಬೋರ್ಡಿಗೆ ಬೆಸೆಯದೆ ಸಾಕೆಟ್ಟಿನಲ್ಲಿ ಕೂರಿಸಿದ ಯಂತ್ರ ಸಿಕ್ಕಿದರೆ, ಅದನ್ನು ವಿನ್ಯಾಸ ಮಾಡಿದವನು ಯಾವ ದೇಶದವನೇ ಇರಲಿ, ಅವನ ಹೊಟ್ಟೆ ತಣ್ಣಗಿರಲಿ ಎನ್ನಿಸುತ್ತದೆ.

ಈಗಿನ ಲ್ಯಾಪ್‌ಟಾಪುಗಳಲ್ಲಿ ಪೋರ್ಟೇ ಇಲ್ಲ. 1996ರಲ್ಲಿ ಬಂದ ಯುಎಸ್‌ಬಿ ಎಲ್ಲರನ್ನೂ ಎಬ್ಬಿಸಿ ತಾನು ಕೂತಿತು. ತೂಕದ ಯಂತ್ರ ಮಾತ್ರ ಹಳೆಯದೇ, ಆದ್ದರಿಂದ ನಡುವೆ ಒಂದು ಕನ್ವರ್ಟರು. ಕನ್ವರ್ಟರನ್ನು ಬೇರೆ ತೂತಿನಲ್ಲಿ ಸಿಕ್ಕಿಸಿದರೆ ಅದಕ್ಕೊಂದು ಹೊಸ ಕಾಮ್ ನಂಬರು ಹುಟ್ಟುವುದುಂಟು. ಮೊದಲು ಕಾಮ್3, ಕಸ ಗುಡಿಸುವವಳು ಕಿತ್ತು ಪಕ್ಕಕ್ಕೆ ಹಾಕಿದ ಮೇಲೆ ಕಾಮ್5, ಮೊಬೈಲ್ ಚಾರ್ಜಿಗೆಂದು ಆಪರೇಟರ್ ಹುಡುಗ ಕಿತ್ತ ಮೇಲೆ ಕಾಮ್8. ಪ್ರೋಗ್ರಾಮು ಬರೆದವನು ನಾಲ್ಕರ ಮೇಲೆ ಲೋಕವೇ ಇಲ್ಲವೆಂದು ನಂಬಿದ್ದ. ಗಂಗಾವತಿಯ ಕಡೆಯ ವೇಬ್ರಿಡ್ಜ್ ಕೋಣೆಗಳಲ್ಲಿ ಲಕ್ಷ್ಮಿಯ ಪಕ್ಕ "ಈ ವೈರ್ ತೆಗೆಯಬಾರದು" ಎಂಬ ಚೀಟಿ ಅಂಟಿದ್ದರೆ ಅದು ನನ್ನ ಕೈಬರಹ. ಇನ್ನೊಂದು ವಿನೋದ ಹೇಳುತ್ತೇನೆ: ಕಾಮ್1 ಎಂಬ ಹೆಸರು ಡಾಸ್ ಕಾಲದಿಂದ ಪೋರ್ಟಿಗೆ ಮೀಸಲು. ಆ ಹೆಸರಿನ ಫೋಲ್ಡರೊಂದನ್ನು ವಿಂಡೋಸಿನಲ್ಲಿ ಮಾಡಲು ಹೋಗಿ ನೋಡಿ, ಬಿಡುವುದಿಲ್ಲ. ಪೋರ್ಟು ಕಿತ್ತು ಎಷ್ಟೋ ವರ್ಷವಾದರೂ ಅದರ ಕುರ್ಚಿಯಲ್ಲಿ ಬೇರೆಯವರು ಕೂರುವಂತಿಲ್ಲ.

ಸೀರಿಯಲ್ ಮುಗಿಯಿತು ಎಂದು ಎಲ್ಲರೂ ಹೇಳುತ್ತಾರೆ. ಪೀಣ್ಯದ ಶೆಡ್ಡುಗಳಲ್ಲಿ ಇಂದಿಗೂ ಸಿಎನ್‌ಸಿ ಯಂತ್ರಗಳ ಹೊಟ್ಟೆಗೆ 25 ಪಿನ್ನಿನ ಪೋರ್ಟಿನಿಂದ ಪ್ರೋಗ್ರಾಮು ಇಳಿಸುತ್ತಾರೆ; ರಕ್ತ ಪರೀಕ್ಷೆಯ ಲ್ಯಾಬುಗಳಲ್ಲಿ ನಿಮ್ಮ ಹಿಮೋಗ್ಲೋಬಿನ್ನು ಇದೇ ದಾರಿಯಲ್ಲಿ ರಿಪೋರ್ಟಿಗೆ ಬರುವುದುಂಟು. ನನ್ನ ವಾದ ಇಷ್ಟೇ: ಯುಎಸ್‌ಬಿ ಕೆಟ್ಟರೆ ಏನು ಕೆಟ್ಟಿತೆಂದು ನನಗೂ ತಿಳಿಯುವುದಿಲ್ಲ, ಅದಕ್ಕೂ ತಿಳಿದಂತಿಲ್ಲ. ಇದರಲ್ಲಿ ಒಂದು ಮೀಟರು, ಒಂದು ಪೇಪರ್ ಕ್ಲಿಪ್ಪು ಇದ್ದರೆ ತಪ್ಪು ಯಾವ ತುದಿಯದು ಎಂದು ಎದುರಿಗೇ ತೋರಿಸಬಹುದು. ತಪ್ಪು ಕಂಪ್ಯೂಟರಿನವನದೋ ತೂಕದವನದೋ ಎಂಬ ಜಗಳ ಅಲ್ಲಿಗೇ ತೀರುತ್ತದೆ. ಅದು ತೀರದೆ ಯಾರಿಗೂ ದುಡ್ಡು ಬರುವುದಿಲ್ಲ.

ದುಡ್ಡಿನ ಮಾತು ಬಂತಲ್ಲ. ಸಿಂಧನೂರಿನ ಕಡೆಯ ಒಂದು ಗಿರಣಿಯಲ್ಲಿ ಹೊಸ ತಂತಿ ಹಾಕಿ, ತೂಕ ಸರಿ ಬಂದು, ಚೀಟಿ ಹೊರಬಂದು ಎಲ್ಲ ಮುಗಿದಿತ್ತು. ಹುಡ್ಡು ಇನ್ನೂ ಮುಚ್ಚಿರಲಿಲ್ಲ. ಹಿರಿಯ ಯಜಮಾನರು ಕನ್ನಡಕ ಏರಿಸಿ ಬಗ್ಗಿ ನೋಡಿದರು.

"ಮೂರ ತಂತಿ ಹಾಕೀರಲ್ರಿ. ತೂತು ಒಂಬತ್ತವ."

"ಉಳಿದದ್ದು ಬೇಕಾಗಲ್ಲ ಯಜಮಾನ್ರೆ."

"ಬ್ಯಾಡಂದ್ರ ಕಂಪನ್ಯಾವ್ರು ಯಾಕ ಇಟ್ಟಾರ? ಈ ಕಡೀ ಒಂಬತ್ತನೇದು ಏನ್ ಮಾಡ್ತದ?"

"ಅದು ರಿಂಗ್. ಫೋನ್ ಬಂದ್ರೆ ಕಂಪ್ಯೂಟರಿಗೆ ಹೇಳುತ್ತೆ."

"ನೋಡ್ರಿ ಮತ್ತ! ಅದನ್ನ ಬಿಟ್ಟು ಪೂರಾ ರೊಕ್ಕ ಕೇಳ್ತೀರಿ."

ಲ್ಯಾಂಡ್‌ಲೈನು, ಮೋಡೆಮ್ಮು, 1969 ಎಂದು ನಾನು ಶುರುಮಾಡಿದೆ. ಅವರು ಕೈ ಅಡ್ಡ ಹಿಡಿದರು. ಕೊನೆಗೆ ಒಪ್ಪಂದವಾಯಿತು: ಒಂಬತ್ತು ಎಳೆಯ ತಂತಿ ತರಿಸಿ ಕಂಪ್ಯೂಟರಿನ ಕಡೆ ಒಂಬತ್ತೂ ಪಿನ್ನಿಗೆ ಬೆಸೆದೆ, ತೂಕದ ಕಡೆ ಮೂರನ್ನು ಮಾತ್ರ ಸೇರಿಸಿ, ಆರನ್ನು ಒಂದಕ್ಕೊಂದು ತಾಗದ ಹಾಗೆ ಸ್ಲೀವು ಹಾಕಿ ಹುಡ್ಡಿನೊಳಗೆ ಮಡಚಿಟ್ಟೆ. ಅವರಿಗೆ ಸಮಾಧಾನವಾಯಿತು, ಪೂರಾ ದುಡ್ಡು ಕೊಟ್ಟರು, ರಶೀದಿಯಲ್ಲಿ "ಒಂಬತ್ತು ತಂತಿ, ಎಲ್ಲಾ ಚಾಲೂ" ಎಂದು ಗುಮಾಸ್ತರ ಕೈಯಲ್ಲಿ ಬರೆಸಿಕೊಂಡು ನನ್ನ ಸಹಿ ಹಾಕಿಸಿದರು. ಫೋನ್ ಬಂದಾಗ ಕಂಪ್ಯೂಟರು ಇನ್ನೂ ಏನೂ ಹೇಳುತ್ತಿಲ್ಲ ಎಂದು ಆಗಾಗ ಜ್ಞಾಪಿಸುತ್ತಾರೆ, ಫೋನ್ ಮಾಡಿ.